ಕಪ್ಪು ಗಾಜಿನ ಕಾರಿಗೆ ಸೆಲ್ಯೂಟ್

ನವೆಂಬರ್ ೯, ಭಾನುವಾರ

ನನ್ನ ಬಾಲಂಗೋಚಿಗೆ,

ಅಪ್ಪನ ಆಶೀರ್ವಾದಗಳು. ಪತ್ರ ತಡವಾಯಿತು, ಕ್ಷಮಿಸು. ನಾಲ್ಕು ತಿಂಗಳನ್ನು ತಡ ಎನ್ನಬಹುದೋ ಇಲ್ಲವೋ ಗೊತ್ತಿಲ್ಲ, ಬೇರೆ ಪದ ತೋಚುತ್ತಿಲ್ಲ. ಫೋನ್ ಮಾಡಿದರೆ ಅಳಿಯಂದಿರು ಎತ್ತುತ್ತಾರೆ. "ಸ್ನಾನಕ್ಕೆ ಹೋಗಿದಾಳೆ ಮಾವ" ಎನ್ನುತ್ತಾರೆ. ನಾಲ್ಕು ತಿಂಗಳಿಂದ ಸ್ನಾನ ಮಾಡುತ್ತಿದ್ದೀಯಲ್ಲ, ನೆಗಡಿಯಾದೀತು ನೋಡಿಕೋ. ಪಾಪ, ಸುಳ್ಳು ಹೇಳಲು ಬಾರದವರ ಕೈಯಲ್ಲಿ ಸುಳ್ಳು ಹೇಳಿಸಬೇಡ.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುಖ ಗಂಟು ಹಾಕುತ್ತದೆ. ಅಡುಗೆ ನನ್ನದೇ. ಉಪ್ಪು ಒಂದು ದಿನ ಎರಡು ಸಲ ಬೀಳುತ್ತದೆ, ಇನ್ನೊಂದು ದಿನ ಬೀಳುವುದೇ ಇಲ್ಲ. ನಿನ್ನ ಅಮ್ಮನ ಬೀರು ತೆಗೆದಿಲ್ಲ. ಕೀಲಿ ನನ್ನ ಹತ್ತಿರವೇ ಇದೆ, ಬಂದಾಗ ಕೊಡುತ್ತೇನೆ.

ಕೆಲಸ ಬಿಟ್ಟಿಲ್ಲ. ಅದೇ ಆಸ್ಪತ್ರೆ, ಅದೇ ಗೇಟು. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಕವಾಯತು ಕಲಿಸಿದವನೆಂದೇ ಅವರು ನನ್ನನ್ನು ತೆಗೆದುಕೊಂಡದ್ದು. ಮ್ಯಾನೇಜರಮ್ಮ ಮೊದಲ ದಿನವೇ ಹೇಳಿದ್ದರು: "ನಿಮ್ಮ ಸೆಲ್ಯೂಟ್ ನೋಡಿದ್ರೆ ಬರೋರಿಗೆ ಆಸ್ಪತ್ರೆ ದೊಡ್ಡದು ಅನ್ಸುತ್ತೆ." ನಾನು ಬಾಯಿ ಸುಮ್ಮನಿಟ್ಟುಕೊಳ್ಳದೆ ನಿಯಮ ಹೇಳಲು ಹೋದೆ. ಸೆಲ್ಯೂಟ್ ಇಬ್ಬರ ವ್ಯವಹಾರ ಮೇಡಂ, ಚಿಕ್ಕವನು ಕೊಟ್ಟದ್ದನ್ನು ದೊಡ್ಡವನು ಹಿಂದಿರುಗಿಸಬೇಕು, ಸಾದಾ ಬಟ್ಟೆಯಲ್ಲಿದ್ದರೆ ತಲೆಯನ್ನಾದರೂ ಬಾಗಿಸಬೇಕು, ಬೆಳಿಗ್ಗೆ ಕಾರಿನಲ್ಲಿ ಬಂದ ಡೈರೆಕ್ಟರು ಏನೂ ಮಾಡಲಿಲ್ಲವಲ್ಲ ಎಂದೆ. ಅವರು ಕಡತದಿಂದ ತಲೆ ಎತ್ತಲಿಲ್ಲ. "ಒಳಗೆ ತಲೆ ಆಡಿಸ್ತಾರೆ. ಗಾಜು ಕಪ್ಪು, ನಿಮಗೆ ಕಾಣಲ್ಲ ಅಷ್ಟೆ" ಎಂದರು.

ಆ ವಾರದಲ್ಲೇ ಇನ್ನೊಂದು ರಗಳೆಯಾಯಿತು. ಯಾರದೋ ಹೆಣದ ವ್ಯಾನ್ ಹೊರಗೆ ಹೊರಟಿತ್ತು. ನನ್ನ ಕೈ ತಾನಾಗಿಯೇ ಮೇಲೆ ಹೋಯಿತು. ಹೆಣ ಕಂಡರೆ ಕೈ ಎತ್ತುವುದು ನನಗೆ ಉಸಿರಾಟದಷ್ಟು ಹಳೆಯದು, ನಿನಗದು ಗೊತ್ತು. ನಿನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗುವಾಗ ಎದುರಿಗೆ ಹೆಣ ಬಂದರೆ ಇಳಿದು ನಿಲ್ಲುತ್ತಿದ್ದೆ. "ಯಾರಪ್ಪಾ ಅದು?" ಎಂದು ನೀನು ಕೇಳುತ್ತಿದ್ದೆ. "ಯಾರಾದ್ರೂ ಆಗ್ಲಿ, ಹೋಗೋರಿಗೆ ಇದೊಂದು ಕೊಡ್ಬೇಕು" ಎನ್ನುತ್ತಿದ್ದೆ. ನೀನೂ ಪುಟ್ಟ ಕೈ ಎತ್ತುತ್ತಿದ್ದೆ, ಹೆಚ್ಚಾಗಿ ಎಡಗೈ. ಮ್ಯಾನೇಜರಮ್ಮ ನನ್ನನ್ನು ಕರೆಸಿದರು. "ಸತ್ತೋರಿಗೆ ಸೆಲ್ಯೂಟ್ ಹೊಡೆದ್ರೆ ಬದುಕಿರೋರು ಹೆದರ್ತಾರೆ. ಇನ್ನೊಂದ್ಸಲ ಹೀಗಾದ್ರೆ ಟೋಪಿ ಇಲ್ಲೇ ಇಟ್ಟು ಹೋಗಿ." ಅಂದಿನಿಂದ ಹೆಣಗಳು ಹಿಂದಿನ ಗೇಟಿನಿಂದ ಹೋದವು, ನನ್ನ ಕೈಗೂ ಬುದ್ಧಿ ಬಂತು.

ಅಮ್ಮ ಇದೇ ಆಸ್ಪತ್ರೆಯಲ್ಲಿ ಹೋದ ದಿನ ಹಿಂದಿನ ಗೇಟಿನ ರಸ್ತೆಯನ್ನು ನೀರಿನ ಪೈಪಿಗಾಗಿ ಅಗೆದಿದ್ದರು. ಮ್ಯಾನೇಜರಮ್ಮನ ಹತ್ತಿರ ರಜೆ ಕೇಳಿದ್ದೆ. "ಹನ್ನೆರಡಕ್ಕೆ ಬದಲಿ ಬರ್ತಾನೆ, ಅಲ್ಲೀವರೆಗೆ ನಿಂತಿರಿ. ಕಾಗದಪತ್ರ ಮುಗಿಯೋಕೂ ಅಷ್ಟು ಹೊತ್ತಾಗುತ್ತೆ" ಎಂದರು. ನಾನು ಎರಡನೇ ಮಾತಾಡಲಿಲ್ಲ, ಆ ತಪ್ಪು ನನ್ನದು. ಕಾಗದಪತ್ರ ಬೇಗ ಮುಗಿಯಿತು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅಮ್ಮನ ವ್ಯಾನ್ ನನ್ನ ಗೇಟಿನ ಹೊರದಾರಿಗೆ ಬಂತು. ಮುಂದಿನ ಸೀಟಿನಲ್ಲಿ ನೀನಿದ್ದೆ. ಅದೇ ಹೊತ್ತಿಗೆ ಒಳದಾರಿಯಲ್ಲಿ ಡೈರೆಕ್ಟರ ಕಾರು ಬಂತು. ನಾನು ಕಾರಿನ ಕಡೆ ತಿರುಗಿ ಸೆಲ್ಯೂಟ್ ಹೊಡೆದೆ. ವ್ಯಾನಿಗೆ ನನ್ನ ಬೆನ್ನು ಕಂಡಿತು.

ಎಲ್ಲ ಮುಗಿಸಿ ಬಂದ ಮೇಲೆ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ಒಂದಕ್ಷರ ಮರೆತಿಲ್ಲ. "ದಾರಿಲಿ ಹೋಗೋ ಹೆಣಕ್ಕೆಲ್ಲ ಸೈಕಲ್ ಇಳೀತಿದ್ರಿ. ಅಮ್ಮಂಗೆ ಬೆನ್ನು ತೋರಿಸಿದ್ರಿ." ಡೈರೆಕ್ಟರು ಕಾರಲ್ಲಿದ್ದರು, ಕೆಲಸ ಹೋಗುತ್ತಿತ್ತು ಎಂದು ನಾನು ಹೇಳಿದೆ. ನೀನು ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ.

ಅದು ಸುಳ್ಳು. ಕಾರಿನಲ್ಲಿ ಡೈರೆಕ್ಟರು ಇರಲಿಲ್ಲ. ಡ್ರೈವರು ಇಸ್ತ್ರಿ ಮಾಡಿಸಿದ ಅವರ ಕೋಟುಗಳನ್ನು ಅಂಗಡಿಯಿಂದ ತರುತ್ತಿದ್ದ. ವ್ಯಾನ್ ಕಂಡು ಗಾಜು ಇಳಿಸಿದ, ಒಳ್ಳೆಯ ಮನುಷ್ಯ. "ಸಾರ್ ಇಲ್ಲ, ಬಿಡಿ ಯಜಮಾನ್ರೇ. ಆ ಕಡೆ ತಿರುಗಿ" ಎಂದ. ಹಿಂದಿನ ಸೀಟಿನಲ್ಲಿ ನಾಲ್ಕು ಕೋಟುಗಳು ನೇತಾಡುತ್ತಿದ್ದದ್ದು ನನಗೆ ಚೆನ್ನಾಗಿ ಕಂಡಿತು. ಕಂಡೂ ಕೈ ಇಳಿಸಲಿಲ್ಲ. ವ್ಯಾನ್ ರಸ್ತೆಯ ತಿರುವು ದಾಟುವ ತನಕ ಆ ಕೋಟುಗಳಿಗೆ ಸೆಲ್ಯೂಟ್ ಹಿಡಿದು ನಿಂತಿದ್ದೆ. ಡ್ರೈವರು ಈಗ ನನ್ನ ಜೊತೆ ಚಹಾ ಕುಡಿಯುವುದಿಲ್ಲ.

ನೀನು ಬೈದದ್ದು ಸರಿ ಎಂದು ಹೇಳಲಿಕ್ಕೇ ಇಷ್ಟುದ್ದ ಬರೆದೆ. ನಿನ್ನ ಬೆನ್ನುನೋವು ಹೇಗಿದೆ? ಚಳಿ ಶುರುವಾಗಿದೆ, ಮಗುವಿಗೆ ಕಿವಿ ಮುಚ್ಚಿಸಿ ಶಾಲೆಗೆ ಕಳಿಸು. ಅಳಿಯಂದಿರಿಗೆ ನನ್ನ ನೆನಪು ಹೇಳು. ನೀವು ಮೂವರೂ ನೂರು ಕಾಲ ನಗುತ್ತಾ ಬಾಳಿ. ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಅಮ್ಮ ವಾರ್ಡಿನಲ್ಲಿ ಬಚ್ಚಲಿಗೆ ಹೋಗುವಾಗ ಕಾಲು ಜಾರಿ ಬಿದ್ದಳು, ತಲೆಗೆ ಪೆಟ್ಟಾಗಿ ಮೂರನೇ ದಿನ ಹೋದಳು ಎಂದು ನಿನಗೆ ಹೇಳಿದ್ದೆ. ಬಿದ್ದದ್ದು ನಿಜ, ಬಚ್ಚಲಿಗೆ ಹೊರಟಿರಲಿಲ್ಲ. ಬೀಳುವ ಹಿಂದಿನ ದಿನ ಊಟದ ಬಿಡುವಿನಲ್ಲಿ ಮೂರನೇ ಮಹಡಿಯ ಅವಳ ವಾರ್ಡಿಗೆ ಹೋಗಿದ್ದೆ. ಅಮ್ಮ ನರ್ಸಿಗೆ ನನ್ನ ಮೇಲೆ ಚಾಡಿ ಹೇಳುತ್ತಿದ್ದಳು: "ಊರಿಗೆಲ್ಲ ಸೆಲ್ಯೂಟ್ ಹೊಡೀತಾರೆ ಇವ್ರು. ಮೂವತ್ತೊಂದು ವರ್ಷದಲ್ಲಿ ನಂಗೊಂದು ಹೊಡೆದಿಲ್ಲ ನೋಡು." ನನ್ನ ಕಡೆ ತಿರುಗಿ, "ಈಗ ಹೊಡೀರಿ, ಟೋಪಿನೂ ಇದೆ" ಎಂದಳು. "ಮಲಗಿರೋರಿಗೆ ಸೆಲ್ಯೂಟ್ ಇಲ್ಲ. ಎದ್ದು ನಿಂತ ದಿನ ಹೊಡೀತೀನಿ" ಎಂದೆ. ಅಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ, ನರ್ಸ್ ನಗಲಿ ಎಂದು ಹೇಳಿದ್ದು. ನರ್ಸ್ ನಕ್ಕಳು, ಅಮ್ಮನೂ ನಕ್ಕಳು.

ಮಾರನೆಯ ಬೆಳಿಗ್ಗೆ ಗೇಟಿನ ಫೋನ್ ಬಡಿದುಕೊಂಡಿತು, ಅದೇ ನರ್ಸ್. "ನಿಮ್ಮನೆಯವ್ರು ಮಂಚದ ಕಂಬಿ ಹಿಡ್ಕೊಂಡು ಎದ್ದು ನಿಂತಿದಾರೆ. ಕೂತ್ಕೊಳ್ಳಿ ಅಂದ್ರೆ ಕೇಳ್ತಿಲ್ಲ. ನಿಮ್ಮನ್ನ ಬರೋಕೆ ಹೇಳ್ತಿದಾರೆ." ಆ ಹೊತ್ತಿನಲ್ಲಿ ಗೇಟಿಗೆ ಒಂದು ಕಾರೂ ಬಂದಿರಲಿಲ್ಲ. ಅವಳ ಹಟ ನೆನೆದು ನನಗೆ ನಗು ಬಂತು. "ಡ್ಯೂಟಿಲಿ ಇದೀನಿ, ಕಾಯೋಕೆ ಹೇಳಿ" ಎಂದು ಫೋನ್ ಇಟ್ಟೆ.

ಇಪ್ಪತ್ತು ನಿಮಿಷ ಕಾದಳಂತೆ, ನಿಂತೇ.