ಪಿಜ್ಜಾ ಓವನ್ ಹಚ್ಚಬೇಡ ಕಣ್ಲಾ

ಅಂಬರೀಶ,

ಗ್ರಿಲ್ಲಿಗೆ ಹಾಕೋ ಕಟ್ಟಿಗೆ ಪೆಲೆಟ್, ಅದೇ ಮರದ ಹೊಟ್ಟಿನ ಗುಳಿಗೆ, ತರಾಕೆ ಕಲ್ಯಾಣದುರ್ಗಕ್ಕೆ ಹೋಯ್ತಿದ್ದೀನಿ. ಗ್ರಿಲ್ ಮೇಲೆ ಪಿಜ್ಜಾ ಓವನ್ ಕೂರಿಸಿ ನಟ್ಟು ಬಿಗಿ ಮಾಡು, ಬೇಡ ಅನ್ನಲ್ಲ. ನಾನು ಬರೋಗಂಟ ಹಚ್ಚಬೇಡ ಅಷ್ಟೇ.

ನಿನ್ನೆ ಪೆಲೆಟ್ ಖಾಲಿಯಾಯ್ತು ಅಂತ, ಅಮ್ಮ ಒಲೆಗೆ ಹಾಕೋ ಹಂಗೆ ಗ್ರಿಲ್ಲಿನ ಪೆಲೆಟ್ ಡಬ್ಬಿ ತುಂಬ ಕಡ್ಲೆಕಾಯಿ ಸಿಪ್ಪೆ ಸುರಿದುಬುಟ್ಟೆ. ಬೆಂಕಿ ಹಿಂದಕ್ಕೆ ಓಡಿ ಆ ಡಬ್ಬಿಯೊಳಗೇ ಎದ್ದಾಗ ನೀನು ಮುಚ್ಚಳ ತೆಗೆದು ಬಗ್ಗಿ ನೋಡ್ತಿದ್ದೆ. ಹುಬ್ಬು ಸುಟ್ಕೊಂಡು ನಗ್ತಿದ್ದೆಯಲ್ಲೋ!

ಹುಬ್ಬಿಗೆ ಮುಲಾಮು ಹಚ್ಕೋ. ಅನ್ನ, ಬೇಳೆ ಪಪ್ಪು ಮುಚ್ಚಿಟ್ಟಿದ್ದೀನಿ.

ಕರೆಂಟ್ ಇಲ್ದೆ ಗ್ರಿಲ್ ಹತ್ತಲ್ಲ ಅಂತ ಅದರ ವೈರು ಮನೆಯೆಲ್ಲ ಹುಡುಕಬೇಡ. ಅದು ನನ್ನ ಬ್ಯಾಗಲ್ಲಿ ಕಲ್ಯಾಣದುರ್ಗಕ್ಕೆ ಬತ್ತಾ ಐತೆ.

ಅಕ್ಕ