ಒಂದು ಡಿಗ್ರಿ ತಿರುವು, ಒಂದು ಡಬ್ಬಿ ಶೋರ್ಬಾ

ಸ್ಫಾಕ್ಸ್,
ರಂಜಾನಿನ ಹದಿನೇಳನೇ ದಿನ

ಪ್ರೀತಿಯ ಮಹ್ಬೂಬಾ, ನಮ್ಮ ರೀಮಳ ತಾಯಿಗೆ ಸಲಾಮ್,

ನಿನ್ನ ಮೊಣಕಾಲು ನೋವು ಹೇಗಿದೆ? ಲಿಯೋನಿನ ಚಳಿಗೆ ಹೆಚ್ಚಾಗಿಲ್ಲ ತಾನೆ? ಬಾಣಂತಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆಂದು ತಿಳಿದು ಹಾಯೆನಿಸಿತು. ಫೋನಿನಲ್ಲಿ ಹೇಳಿದರೆ ಮಗಳು ಪಕ್ಕದಲ್ಲೇ ಕೇಳಿಸಿಕೊಂಡು ನಗುತ್ತಾಳೆ, ಅದಕ್ಕೇ ಈ ಕಾಗದ. ಹೊಟ್ಟೆಯೊಂದು ಬಿಟ್ಟರೆ ನಾನು ಆರಾಮ. ನನ್ನ ತಂಗಿ ದಿನಾ ಒಂದು ಡಬ್ಬಿ ಶೋರ್ಬಾ ಸಾರು ಕಳಿಸುತ್ತಾಳೆ. ನೀನಾದರೆ ಡಬ್ಬಿಗೆ ಎರಡು ಟವೆಲ್ ಸುತ್ತುತ್ತಿದ್ದೆ, ಸಂಜೆಯ ಬಾಂಗಿನ ಹೊತ್ತಿಗೂ ಹಬೆಯಾಡುತ್ತಿತ್ತು. ಇವಳದು ಬರುವಷ್ಟರಲ್ಲಿ ಕೊಬ್ಬು ಹೆಪ್ಪುಗಟ್ಟಿರುತ್ತದೆ. ಈಗ ಹೇಳಲಿರುವ ಎಲ್ಲಕ್ಕೂ ಮೂಲ ಅದೇ. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ, ತಿಳಿಸುತ್ತಿದ್ದೇನೆ ಅಷ್ಟೆ.

ನಮ್ಮ ಪ್ರಯೋಗಾಲಯದ ಇಬ್ತಿಸಾಮ್ ಗೊತ್ತಲ್ಲ, ಡಾಕ್ಟರೇಟ್ ಮಾಡುವ ಹುಡುಗಿ. ಮೂರು ವರ್ಷದಿಂದ ಅವಳದು ಒಂದೇ ಜಪ. ಗ್ರಾಫೈಟಿಗೆ ಅಂಟುಟೇಪು ಹಚ್ಚಿ ಎಳೆದೆಳೆದು ಒಂದೇ ಪರಮಾಣು ದಪ್ಪದ ಪದರ ತೆಗೆಯುವುದು, ಅದನ್ನು ಎರಡಾಗಿ ಹರಿದು ಒಂದರ ಮೇಲೊಂದು ಇಡುವುದು, ಮೇಲಿನದನ್ನು ಒಂದು ಡಿಗ್ರಿಗಿಂತ ಚೂರೇ ಚೂರು ಹೆಚ್ಚು ತಿರುಗಿಸಿ. ಅಷ್ಟು ಮಾಡಿ ಕಡುತಣ್ಣಗಾಗಿಸಿದರೆ ಆ ಪೆನ್ಸಿಲ್ ಕಪ್ಪಿನಲ್ಲಿ ಕರೆಂಟು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ನಗಬೇಡ, ನಿನ್ನ ಗಂಡನಿಗೆ ಸಂಬಳ ಕೊಡುವುದು ಇದಕ್ಕೇ. ಆದರೆ ಬಿಸಿ ಹೆಚ್ಚಾದರೆ ಮೇಲಿನ ಪದರ ಜಾರಿ ಕೆಳಗಿನದರ ಮೇಲೆ ನೆಟ್ಟಗೆ ಕೂತುಬಿಡುತ್ತದೆ. ತಿರುವೂ ಹೋಯಿತು, ಗುಣವೂ ಹೋಯಿತು.

ಗುರುವಾರ, ನಲವತ್ತು ಸಲ ಸೋತ ಮೇಲೆ, ಒಂದು ಸರಿಯಾಗಿ ಬಂತು. ಪದರಗಳು ಕಚ್ಚಿಕೊಳ್ಳಲೆಂದು ಅವಳು ಅದನ್ನು ಹದವಾದ ಬಿಸಿತಟ್ಟೆಯ ಮೇಲಿಟ್ಟು, ನನ್ನನ್ನು ನಂಬಿ ಇಫ್ತಾರಿಗೆ ಮನೆಗೆ ಓಡಿದಳು. ಉಗ್ರಾಣದ ಒಲೆ ಕೆಟ್ಟಿತ್ತು. ಡಬ್ಬಿಯನ್ನು ಅದೇ ತಟ್ಟೆಯ ಮೂಲೆಗಿಟ್ಟು ಬಿಸಿಯ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಅವಳ ಪದರದ ಚೂರಿಗೆ ಗಾಜಿನ ಮುಚ್ಚಳ ಮುಚ್ಚಿಯೇ ಇಟ್ಟಿದ್ದೆ, ನಾನೇನು ಕಾಡುಮನುಷ್ಯನೇ? ಬಾಂಗಾಯಿತು, ಡಬ್ಬಿ ಎತ್ತಿಕೊಂಡು ಗುಂಡಿಯನ್ನು ಮೊದಲಿನ ಜಾಗಕ್ಕೇ ತಂದೆ. ಶೋರ್ಬಾ ಮಾತ್ರ ಬಹಳ ಚೆನ್ನಾಗಿತ್ತು.

ಮರುದಿನ ಅಳೆದರೆ ತಿರುವು ಸೊನ್ನೆ. ಪ್ರೊಫೆಸರ್ ಗರ್ಬಿ ಎಲ್ಲರೆದುರು, "ನಿನ್ನ ಕೈ ನಡುಗತ್ತಮ್ಮ. ಇದು ನಿನ್ನಿಂದಾಗೋ ಕೆಲಸ ಅಲ್ಲ, ಕಂಪ್ಯೂಟರ್ ಲೆಕ್ಕ ಮಾಡ್ಕೊಂಡಿರು" ಎಂದರು. ಸೋಮವಾರದಿಂದ ಅವಳ ಟೇಪು ಬೇರೊಬ್ಬನ ಪಾಲು. ನಾನು ಒರೆಸಿದ ಮೇಜನ್ನೇ ಒರೆಸುತ್ತಾ ನಿಂತಿದ್ದೆ. ಪ್ರಯೋಗಾಲಯದ ಉಪಕರಣ ನೋಡಿಕೊಳ್ಳುವುದರಲ್ಲಿ ಮೂವತ್ತೊಂದು ವರ್ಷ ಈ ಊರಲ್ಲಿ ಲಮೀನನ ಕೈ ಎಂದರೆ ಕೈ. ನಿವೃತ್ತಿಗೆ ಇನ್ನೆರಡೇ ವರ್ಷ, ಸುಮ್ಮನಿದ್ದರೆ ಯಾರಿಗೂ ತಿಳಿಯದು. ನೀನಿದ್ದಿದ್ದರೆ ಚೆನ್ನಾಗಿ ಬೈಯುತ್ತಿದ್ದೆ. ಈಗ ನನ್ನನ್ನು ನಾನೇ ಬೈದುಕೊಳ್ಳಬೇಕು, ಅದು ನನಗೆ ಅಭ್ಯಾಸವಿಲ್ಲ. ನಾಚಿಕೆಯಾಗಿದೆ ಮಹ್ಬೂಬಾ.

ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ, ಮೊಮ್ಮಗನಿಗೆ ಮುತ್ತು. ಅಲ್ಲಾಹನು ನಿಮ್ಮನ್ನೆಲ್ಲ ಕಾಯಲಿ.

ನಿನ್ನವನೇ ಆದ
ಲಮೀನ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಈಗ ತಾನೇ ಪ್ರೊಫೆಸರರಿಗೆ ಎಲ್ಲ ಹೇಳಿಬಂದೆ, ಇಬ್ತಿಸಾಮಳ ಎದುರಿಗೇ. ಕೆಲಸ ಅವಳಿಗೇ ಉಳಿಯಿತು. ನಾನು ನಾಳೆಯಿಂದ ಉಗ್ರಾಣದಲ್ಲಿ ಬಾಟಲಿ ತೊಳೆಯಬೇಕು. ಅವಳು ನನ್ನ ಮೇಲೆ ಹರಿಹಾಯುತ್ತಾಳೆಂದು ತಲೆ ತಗ್ಗಿಸಿ ನಿಂತಿದ್ದೆ. ಅವಳು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡು, "ಹಂಗಾದ್ರೆ ನನ್ನ ಕೈ ಸರಿಯಾಗೇ ಇದೆ, ಅಲ್ವಾ ಚಿಕ್ಕಪ್ಪ?" ಎಂದು ಅತ್ತೇಬಿಟ್ಟಳು. ನನ್ನ ಕೈಗಿಂತ ಚೆನ್ನಾಗಿದೆ ಮಗಳೇ ಎಂದೆ. ಇದನ್ನು ಮಾತ್ರ ಯಾರಿಗೂ ಹೇಳಬೇಡ, ಆ ಮಾತು ನಿಜವೇ.