ಇನ್‌ಕ್ಯುಬೇಟರ್ ಸಾಹೇಬರ ಹಸಿರು ಪೊಟ್ಟಣ

ಜುಲೈ ೭

ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಯಂತ್ರ, ಇನ್‌ಕ್ಯುಬೇಟರ್ ಸಾಹೇಬರಿಗೆ ನಮಸ್ಕಾರ ಹೇಳಿದೆ. ಗುರ್ ಎಂದರು. ಒಳಗಿನ ಜೀವಕೋಶಗಳಿಗೆ ಹೊಸ ದ್ರವ ಬಡಿಸಿದೆ. ಇಡೀ ತೈನಾನ್ ಊರಿನಲ್ಲಿ ನನ್ನ ದಾರಿ ಕಾಯುವವು ಇವು ಮಾತ್ರ. ಮೇಷ್ಟ್ರು ಜಪಾನಿನಲ್ಲಿ. ಪಿಎಚ್‌ಡಿ ಮಾಡುತ್ತಿರುವ ಯಿ-ಚುನ್ ಅಕ್ಕ ನನಗೆ ಕೆಲಸ ಕಲಿಸಬೇಕಾದವಳು. ಬಂದರೆ ಬಂದಳು. ಹೊರಡುವಾಗ ಮೇಷ್ಟ್ರು ಹೇಳಿದ್ದು ಒಂದೇ ಮಾತು: ನಿನ್ನ ಬೇಸಿಗೆ ರಜೆಯ ಕೆಲಸ ಮುಗಿಯುವವರೆಗೆ ಕೋಶಗಳು ಬದುಕಿದರೆ, ಸೆಪ್ಟೆಂಬರಿನಿಂದ ನೀನೂ ಈ ಲ್ಯಾಬಿನವಳು.

ಮಧ್ಯಾಹ್ನ ಡಬ್ಬಿ ಊಟದ ಅಂಗಡಿ. ಆಂಟಿ ಎಂದಿನಂತೆ, "ಒಬ್ಳೇನಾ?" "ಹ್ಞೂಂ." ಇವತ್ತಿನ ಸಂಭಾಷಣೆ ಮುಕ್ತಾಯ.

ಜುಲೈ ೧೧

ಅಕ್ಕ ದಯಮಾಡಿಸಿದ್ದಳು. ಧೂಳು ಒರೆಸಲು ಸಾಹೇಬರ ತಲೆಯ ಮೇಲಿನ ಹಸಿರು ಪೊಟ್ಟಣ ಎತ್ತಿದೆ. ತೆಂಗಿನಕಾಯಿ ರುಚಿಯ ಕುರುಕಲು. ಹೆಸರೇ 'ಜಾಣ ಜಾಣ'. ಯಂತ್ರ ಹಟ ಮಾಡದಿರಲೆಂದು ಈ ದೇಶದಲ್ಲಿ ಎಲ್ಲರೂ ಅದರ ತಲೆಯ ಮೇಲೆ ಇದನ್ನೇ ಇಡುತ್ತಾರೆ, ಡೇಟು ಮುಗಿಯದ ಹಸಿರನ್ನು ಮಾತ್ರ. ಪೊಟ್ಟಣದ ಮೈಮೇಲೆ ಲ್ಯಾಬಿನವರೆಲ್ಲರ ಹೆಸರು.

"ಏಯ್, ಇಡೇ ಕೆಳಗೆ! ಅದಿರೋದಕ್ಕೇ ಸಾಹೇಬ್ರು ಜಾಣರಾಗಿರೋದು. ಹಳದಿ ಗಿಳದಿ ಇಟ್ರೆ ಕೆಟ್ಟು ಕೂತ್ಕೋತಾರೆ, ಗೊತ್ತಲ್ಲ?"

"ನನ್ನ ಹೆಸರೂ ಬರೀಲಾ ಅಕ್ಕ?"

"ನೀನು ಬೇಸಿಗೆಯವಳಲ್ವೇನೇ!" ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ನಿಲ್ಲಿಸಿದೆ.

ಜುಲೈ ೨೪, ಮಧ್ಯಾಹ್ನ

ಚಂಡಮಾರುತದ ರಜೆ. ಊರಿಗೆಲ್ಲ ರಜೆ, ಕೋಶಗಳಿಗಿಲ್ಲ. ಗಾಳಿ ಏಳುವ ಮುನ್ನ ಬಂದವಳು ಇಲ್ಲೇ ಸಿಕ್ಕಿಬಿದ್ದೆ. ಪೆಂಗ್‌ಹು ದ್ವೀಪದಿಂದ ಅಮ್ಮನ ಫೋನು. "ಊಟ ಆಯ್ತೇನೇ?" "ಎಲ್ಲರ ಜೊತೆ ಆಯ್ತಮ್ಮ." ಎಲ್ಲರೂ ಗುರ್ ಎಂದರು.

ಕಟ್ಟಡದಲ್ಲಿ ತಿನ್ನುವ ವಸ್ತು ಒಂದೇ ಇತ್ತು...

ತಿಂದೆ. ಲ್ಯಾಬಿನೊಳಗೆ ತಿನ್ನಬಾರದೆಂಬ ನಿಯಮಕ್ಕೆ ತಲೆಬಾಗಿ, ಕಾರಿಡಾರಿನಲ್ಲಿ ಕೂತು ತಿಂದೆ. ಮೆತ್ತಗಾಗಿತ್ತು.

ಜುಲೈ ೨೫

ಅಂಗಡಿ ಅಂಗಡಿ ಅಲೆದೆ. ಹಸಿರು ಖಾಲಿ. ಚಂಡಮಾರುತಕ್ಕೆ ಹೆದರಿ ಊರಿನ ಯಂತ್ರಗಳೆಲ್ಲ ತರಿಸಿಕೊಂಡಿರಬೇಕು. ಸಿಕ್ಕಿದ್ದು ಹಳದಿ. ಹಂಗಾಮಿ ನೇಮಕ. ಮುಖ ಗೋಡೆಗೆ ತಿರುಗಿಸಿಟ್ಟೆ. ಸಾಹೇಬರೇ, ನಾವಿಬ್ಬರೂ ವಿಜ್ಞಾನದವರು, ಮರೆಯಬೇಡಿ.

ಜುಲೈ ೨೮

ಕೆಂಪು ದೀಪ. ಕೀ ಕೀ ಸದ್ದು. ದ್ರವವೆಲ್ಲ ನೇರಳೆಗೆ ತಿರುಗಿದೆ. ಕೋಶಗಳು ಸತ್ತು ತೇಲುತ್ತಿವೆ.

ಅಕ್ಕ ಓಡಿಬಂದಳು. ಗ್ಯಾಸು ನೋಡಲಿಲ್ಲ, ಉಷ್ಣತೆ ನೋಡಲಿಲ್ಲ. ಮೊದಲು ಸಾಹೇಬರ ತಲೆ ನೋಡಿದಳು. ಡಾಕ್ಟರೇಟಿಗೆ ಓದುವವಳು!

"ಹಳದಿ."

"ಹಸಿರನ್ನ ನಾನೇ ತಿಂದೆ ಅಕ್ಕ. ಚಂಡಮಾರುತದ ದಿನ. ಹಸಿವಾಗಿತ್ತು."

"ಅವತ್ತು ಒಬ್ಳೇ ಇದ್ಯಾ ಇಲ್ಲಿ?"

ಹ್ಞೂಂ ಎಂದೆ. ಅವಳು ಯಂತ್ರದ ಹಿಂದೆ ಹೋಗಿ ಬಗ್ಗಿದಳು. ಕೋಶಗಳಿಗೆ ಗ್ಯಾಸ್ ಕೊಡುವ ಸಿಲಿಂಡರಿನ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು.

"ಸಿಲಿಂಡರ್ ಬದಲಾಯಿಸೋದು ನನ್ನ ಕೆಲಸ. ಮರ್ತೇಬಿಟ್ಟೆ."

"ಹಾಗಾದ್ರೆ ಹಳದಿ ಪೊಟ್ಟಣ..."

"ಅದು ನಿನ್ನ ತಪ್ಪೇ. ಸುಮ್ನಿರು."

ಸೆಪ್ಟೆಂಬರಿನ ಮಾತು ಇಬ್ಬರೂ ಎತ್ತಲಿಲ್ಲ.

ಆಗಸ್ಟ್ ೫

ಇಷ್ಟು ದಿನ ಹಾಸ್ಟೆಲಿನಲ್ಲೇ ಬಿದ್ದಿದ್ದೆ. ನಮಸ್ಕಾರ ಹೇಳಲೂ ಯಾರಿಲ್ಲ. ಬ್ಯಾಗು ಕಟ್ಟಿಯಾಗಿತ್ತು. ಬೆಳಿಗ್ಗೆ ಅಕ್ಕನ ಫೋನು: "ಎಲ್ಲಿ ಸತ್ತಿದೀಯೇ? ಬಾ ಬೇಗ."

ಹೋದೆ. ಹಿಮಗಟ್ಟಿಸಿಟ್ಟಿದ್ದ ಹಳೆಯ ಕೋಶಗಳನ್ನು ಕರಗಿಸಿ ಮತ್ತೆ ಬೆಳೆಯಲು ಇಟ್ಟಿದ್ದಾಳೆ. ಮೇಜಿನ ಮೇಲೆ ಹೊಸ ಹಸಿರು ಪೊಟ್ಟಣ. ಮೇಷ್ಟ್ರ ಹೆಸರು ಬರೆದಳು, ತನ್ನದು ಬರೆದಳು, ಮಾರ್ಕರ್ ನನ್ನ ಕಡೆ ಚಾಚಿದಳು.

"ನಾನು ಬೇಸಿಗೆಯವಳಲ್ವಾ ಅಕ್ಕ."

"ಮುಂದಿನ ಸಲ ಯಾರ ಮೇಲೆ ಮುನಿಸ್ಕೋಬೇಕು ಅಂತ ಸಾಹೇಬ್ರಿಗೆ ಗೊತ್ತಾಗ್ಬೇಡ್ವಾ? ಮೇಷ್ಟ್ರಿಗೆ ಎಲ್ಲಾ ಹೇಳಿದೀನಿ, ಸಿಲಿಂಡರಿನ ಕಥೇನೂ. ಸೆಪ್ಟೆಂಬರಿಗೆ ಒಪ್ಪಿದಾರೆ. ಬರಿ. ಬರದ್ಮೇಲೆ ಪೊಟ್ಟಣದ ಡೇಟು ಮುಗಿಯೋ ತನಕ ಎಲ್ಲೂ ಹೋಗೋ ಹಾಗಿಲ್ಲ, ತಿಳೀತಾ?"

ತಿರುಗಿಸಿ ಡೇಟು ನೋಡಿದೆ. ಮುಂದಿನ ವರ್ಷದ ಮಾರ್ಚ್.

ಪಿನ್-ಯು ಎಂದು ಬರೆದೆ. ಮೇಷ್ಟ್ರ ಹೆಸರಿಗಿಂತ ಕೊಂಚ ದೊಡ್ಡದಾಯಿತು.

ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಹಸಿವಂತೆ, ಡಬ್ಬಿ ಅಂಗಡಿಗೆ ಹೋಗಬೇಕಂತೆ. ಆಂಟಿ ಇವತ್ತು ಏನು ಕೇಳುತ್ತಾಳೋ ನೋಡಬೇಕು. ಬಂದೆ ಅಕ್ಕ, ಒಂದೇ ನಿ—